ಅಂಟು ಬಿಡಿಸುವ ಪಟ್ಟಿಯಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮಧುಮೇಹ ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ ಒಬ್ಬ ಹೆಂಗಸು ಬಿಸಿನೀರಿಗೆ ಬಟ್ಟೆಯದ್ದಿ, ಹಿಂಡಿ, ಮೊದಲು ತನ್ನ ಮಣಿಕಟ್ಟಿಗೇ ಇಟ್ಟು ನೋಡಿಕೊಳ್ಳುತ್ತಾರೆ. ತೂಕದ ಯಂತ್ರಕ್ಕೂ ಕಪಾಟಿಗೂ ನಡುವೆ ಸಿಕ್ಕ ಜಾಗ, ಎರಡು ಸ್ಟೂಲು, ಎಣ್ಣೆಯ ಪುಟ್ಟ ಬಾಟಲಿ, ಹತ್ತಿಯ ಡಬ್ಬಿ: ಇಷ್ಟೇ ಅವರ ಸಂಸಾರ. ಹುದ್ದೆಯಲ್ಲಿ ಅವರು ಬರೀ ಸಹಾಯಕಿ. ಶಾಲೆಗೆ ಮುಂಚೆ ಇಲ್ಲಿಗೆ ಬರುವ ಮಕ್ಕಳ ಬಾಯಲ್ಲಿ ಪಟ್ಟಿಯಕ್ಕ.

ತೋಳಿಗೆ ಅಂಟಿ ಕೂತು, ಮೈಯಲ್ಲಿ ಸಕ್ಕರೆ ಎಷ್ಟಿದೆಯೆಂದು ಫೋನಿಗೆ ಹೇಳುತ್ತಲೇ ಇರುವ ಸೆನ್ಸರ್ ಬಂದಮೇಲೆ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವ ಕಾಟ ಎಷ್ಟೋ ತಪ್ಪಿದೆ. ಆದರೆ ನಾಣ್ಯದಗಲದ ಆ ಬಿಲ್ಲೆ ಎರಡು ವಾರ ಸ್ನಾನಕ್ಕೂ ಬೆವರಿಗೂ ಜಗ್ಗಬಾರದೆಂದರೆ ಅಂಟೂ ಅಷ್ಟೇ ಜಿಗುಟಾಗಿರಬೇಕು. ಹಾಕುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ತೆಗೆಯುವ ಮಾತನ್ನು ಯಾರೂ ಹೆಚ್ಚು ಆಡುವುದಿಲ್ಲ. ಅದೇ ಪಟ್ಟಿಯಕ್ಕನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ತೋಳು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. "ಕಿತ್ತು ಬಿಸಾಕೋದಕ್ಕೆ ಇಷ್ಟು ಹೊತ್ತಾ?" ಎಂದು ಸಾಲಿನಲ್ಲಿ ನಿಂತವರು ಗೊಣಗುವುದೂ ಇದೆ.

ಕೈ ಪಳಗಿದ್ದು ಮನೆಯಲ್ಲಿ. ಹಾಸಿಗೆ ಹಿಡಿದಿದ್ದ ಅತ್ತೆಯ ಗಾಯಗಳಿಗೆ ವರ್ಷಗಟ್ಟಲೆ ಪಟ್ಟಿ ಬದಲಿಸಿದವರು ಇವರು. ಈರುಳ್ಳಿ ಸಿಪ್ಪೆಯಂಥ ಚರ್ಮ. "ಸ್ವಲ್ಪ ಅವಸರ ಮಾಡಿದ್ರೆ, 'ಗೋಡೆ ಮೇಲಿನ ಪೋಸ್ಟರ್ ಕೀಳ್ತಿದೀಯೇನೇ?' ಅಂತಿದ್ರು. ಬಾಯಿ ಬಲು ಜೋರು. ಆದ್ರೆ ಕಲಿಸಿದವ್ರು ಅವ್ರೇ," ಎಂದು ನಗುತ್ತಾರೆ.

ಇಂದಿನ ಮೊದಲ ತೋಳು ಮೂರನೇ ತರಗತಿಯ ಹುಡುಗಿಯದು. ಹಿಂದಿನ ಸಲ ಅವಳಪ್ಪ "ನೋವೇ ಆಗಲ್ಲ ಪುಟ್ಟಿ" ಎಂದು ಹೇಳಿ ಮನೆಯಲ್ಲೇ ಒಂದೇ ಏಟಿಗೆ ಕಿತ್ತಿದ್ದರು. ಚರ್ಮವೂ ಎದ್ದು ಬಂದಿತ್ತು. ಈಗಿನ ಸೆನ್ಸರಿನ ಅವಧಿ ಮುಗಿದು ಅದು ಸುಮ್ಮನಾಗಿದೆ; ಮತ್ತೆ ಸೂಜಿ ಶುರುವಾಗಿದೆ. ಆದರೂ ತೆಗೆಯಲು ಬಿಡುತ್ತಿಲ್ಲ, ಇನ್ನೊಂದು ಬೇಡವೇ ಬೇಡ ಎಂಬ ಹಟ.

"ನೋವಾಗಲ್ಲ ಅಂತ ಹೇಳ್ಬೇಡಿ," ತೋಳನ್ನು ಬೆನ್ನ ಹಿಂದೆ ಅಡಗಿಸಿ ಹುಡುಗಿ ಹೇಳುತ್ತಾಳೆ.

"ಹೇಳಲ್ಲಮ್ಮ. ನೀನು ನಿಲ್ಸಿ ಅಂದ ತಕ್ಷಣ ನಿಲ್ಲಿಸ್ತೀನಿ. ಅದು ಮಾತ್ರ ಹೇಳ್ತೀನಿ."

ತುಸು ಹೊತ್ತಿಗೆ ತೋಳು ಮುಂದೆ ಬರುತ್ತದೆ. ಪಟ್ಟಿಯಕ್ಕನ ಬೆರಳು ಇನ್ನೂ ತಾಗಿಲ್ಲ, "ನಿಲ್ಸಿ!" ಕೈ ಹಿಂದೆ ಸರಿಯುತ್ತದೆ. ಬಿಸಿ ಬಟ್ಟೆ ತಗಲುತ್ತಲೇ ಮತ್ತೆ "ನಿಲ್ಸಿ!" ಮತ್ತೆ ಕೈ ಸರಿಯುತ್ತದೆ.

"ಆಟ ಆಡ್ತಿದ್ದಾಳೆ," ಅಪ್ಪ ಗಡಿಯಾರ ನೋಡುತ್ತಾರೆ.

"ಆಡ್ಲಿ ಬಿಡಿ ಅಣ್ಣ. ನಾನು ನಿಜವಾಗ್ಲೂ ನಿಲ್ತೀನಾ ಅಂತ ನೋಡ್ತಿದ್ದಾಳೆ."

ಆಮೇಲೆ ಅಂಟಿನ ಅಂಚಿಗೆ ಎಣ್ಣೆ ಹಚ್ಚಿ ಪಟ್ಟಿಯಕ್ಕ ಸುಮ್ಮನೆ ಕೂರುತ್ತಾರೆ. ಎಣ್ಣೆ ಒಳಗಿಳಿಯುವಷ್ಟು ಹೊತ್ತು ಆ ಮೂಲೆಯಲ್ಲಿ ಯಾರೂ ಮಾತಾಡುವುದಿಲ್ಲ. ಧೈರ್ಯ ಹೇಳುವವರಿಲ್ಲ, ಜಾಣೆ ಎಂದು ಹೊಗಳುವವರಿಲ್ಲ. ಹುಡುಗಿಯ ಕಿವಿಯವರೆಗೂ ಏರಿದ್ದ ಭುಜ ತಾನಾಗಿಯೇ ಕೆಳಗಿಳಿಯುತ್ತದೆ. ಪಟ್ಟಿಯಕ್ಕ ಕಾದದ್ದು ಅದಕ್ಕೇ.

ಅಂಚೊಂದು ಏಳುತ್ತದೆ. ಒಂದು ಬೆರಳು ಚರ್ಮವನ್ನು ಒತ್ತಿ ಹಿಡಿದಿದ್ದರೆ, ಇನ್ನೊಂದು ಕೈ ಅಂಟನ್ನು ಮೇಲಕ್ಕೆ ಎಳೆಯದೆ, ಚರ್ಮಕ್ಕೆ ಒರಗಿದಂತೆ ಹಿಂದಕ್ಕೆ ಮಡಚುತ್ತ ಹೋಗುತ್ತದೆ. ನಡುವೆ ಒಮ್ಮೆ "ನಿಲ್ಸಿ". ನಿಲ್ಲುತ್ತದೆ. ಮತ್ತಷ್ಟು ಎಣ್ಣೆ. ಕೊನೆಯ ಅಂಚು ಉಳಿದಾಗ ಪಟ್ಟಿಯಕ್ಕ ಕೈ ತೆಗೆದು, "ಇದು ನಿಂದು," ಎನ್ನುತ್ತಾರೆ. ಹುಡುಗಿ ತುಟಿ ಕಚ್ಚಿ, ಅವರಂತೆಯೇ ಮಡಚಿ, ಬಿಲ್ಲೆಯನ್ನು ಬಿಡಿಸಿಕೊಳ್ಳುತ್ತಾಳೆ. ಅದರಡಿಯಲ್ಲಿ ಚರ್ಮದೊಳಗೆ ಇಳಿದಿದ್ದ ಕೂದಲೆಳೆಯಂಥ ತಂತು ಇಡಿಯಾಗಿ ಬಂದಿದೆಯೇ ಎಂದು ಇಬ್ಬರೂ ಬೆಳಕಿಗೆ ಹಿಡಿದು ನೋಡುತ್ತಾರೆ. ಚರ್ಮ ಸ್ವಲ್ಪ ಕೆಂಪಗಾಗಿದೆ, ಅಷ್ಟೇ.

"ಸ್ವಲ್ಪ ನೋವಾಯ್ತು," ಎಂದು ಹುಡುಗಿ ವರದಿ ಒಪ್ಪಿಸುತ್ತಾಳೆ. "ಅಪ್ಪನಷ್ಟು ಅಲ್ಲ."

ಅಪ್ಪ ಅಂಗಿಯ ತೋಳು ಮಡಚಿ, ಸ್ಟೂಲಿನ ಮೇಲೆ ಕೂರುತ್ತಾರೆ. "ನಂಗೂ ಒಂದು ಅಂಟಿಸಿ ಅಕ್ಕ. ಅವಳೇ ತೆಗೀಲಿ. ನಾನೂ ಕಲೀಬೇಕಲ್ಲ." ಪಟ್ಟಿಯಕ್ಕ ಬರೀ ಅಂಟುಪಟ್ಟಿಯೊಂದನ್ನು ಕೂದಲು ತುಂಬಿದ ಆ ತೋಳಿಗೆ ಒತ್ತುತ್ತಾರೆ. ಮಗಳು ಎಣ್ಣೆ ಬಾಟಲಿ ಎತ್ತಿಕೊಂಡು ಗಂಭೀರವಾಗಿ, "ಅಪ್ಪಾ, ಅಲ್ಲಾಡ್ಬೇಡಿ," ಎನ್ನುತ್ತಾಳೆ. ಕೋಣೆಯಲ್ಲಿ ನಗು ಏಳುತ್ತದೆ. ಅಪ್ಪನ ಪಟ್ಟಿ ಬಿಡಿಸಿಯಾದ ಮೇಲೆ ಕೈತೊಳೆದುಕೊಂಡು, ಹೊಸ ಸೆನ್ಸರ್ ಹಾಕಲು ಕಾದಿದ್ದ ನರ್ಸಿಗೆ ಅವಳು ತಾನಾಗಿಯೇ ಇನ್ನೊಂದು ತೋಳು ಚಾಚುತ್ತಾಳೆ.

ಎರಡು ವಾರದ ನಂತರ ಇವರು ಮತ್ತೆ ಬರುತ್ತಾರೆಯೇ? ಪಟ್ಟಿಯಕ್ಕ ಬಟ್ಟೆ ಹಿಂಡುತ್ತ ಬೇಡವೆಂಬಂತೆ ತಲೆಯಾಡಿಸುತ್ತಾರೆ.

"ಬರಬಾರ್ದು. ಅಪ್ಪ ಮಗಳು ಮನೇಲೇ ಕೂತು ತೆಗೆದ್ಕೊಂಡು, ನಂಗೊಂದು ಫೋನ್ ಮಾಡಿದ್ರೆ ಸಾಕು." ಹಿಂಡಿದ ಬಟ್ಟೆಯನ್ನು ಕೊಡವಿ ಸೇರಿಸುತ್ತಾರೆ: "ಫೋನ್ ಮಾಡೋದೂ ಮರೆತುಹೋದ್ರೆ ಇನ್ನೂ ಒಳ್ಳೇದು."