ಏಳನೇ ಅಧ್ಯಾಯದ ಅಕ್ಕ

ಪಾಂಡವಪುರದ ನಿಂಗರಾಜು ಮೂವತ್ತೆಂಟು ವರ್ಷ ಬೇರೆಯವರಿಗಾಗಿ ಬರೆದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಮಳಿಗೆಯಲ್ಲಿ ಒಂದು ಮೇಜು, ಎರಡು ಬೆಂಚು ಇಟ್ಟುಕೊಂಡಿದ್ದ ಪತ್ರ ಬರಹಗಾರರು ಅವರು. ನೋಂದಣಿಯೆಲ್ಲ ಆನ್‌ಲೈನ್ ಆದ ಮೇಲೆ ಒಂದು ವರ್ಷ ಹೆಣಗಿದರು. ಅರವತ್ತೈದು ತುಂಬಿದಾಗ ಮೇಜನ್ನು ಜೊತೆಗಾರ ದಿಲ್ಷಾದ್‌ಗೆ ಬಿಟ್ಟುಕೊಟ್ಟು ಮನೆಗೆ ಬಂದರು. ಮರುವಾರವೇ ಕಾದಂಬರಿ ಬರೆಯಲು ಕೂತರು.

ಯಾಕೆ ಎಂದರೆ ನೇರ ಉತ್ತರವಿಲ್ಲ. ಕೈ ಸುಮ್ಮನಿರುತ್ತಿರಲಿಲ್ಲ ಅನ್ನುತ್ತಾರೆ. ಹೆಂಡತಿ ಮಾಯಮ್ಮನ ಪ್ರಕಾರ ಕೈ ಮಾತ್ರ ಅಲ್ಲ, ಕಾಲೂ ಸುಮ್ಮನಿರುವುದಿಲ್ಲ. ಕೆಲಸ ಬಿಟ್ಟ ಹೊಸದರಲ್ಲಿ ದಿನಕ್ಕೆ ನಾಲ್ಕು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದವರು, ಬರೆಯಲು ಶುರು ಮಾಡಿದ ಮೇಲೆ ಆರು ಸಲ ಹೋಗುತ್ತಿದ್ದರು. ಎರಡು ಪುಟಕ್ಕೊಮ್ಮೆ ಎದ್ದು ಚಪ್ಪಲಿ ಮೆಟ್ಟುವುದು, ಗೇಟಿನವರೆಗೆ ಹೋಗಿ ವಾಪಸು ಬರುವುದು.

ಹದಿನಾಲ್ಕು ತಿಂಗಳಲ್ಲಿ ಮುನ್ನೂರ ಹತ್ತು ಪುಟವಾಯಿತು. ನಾಲೆ ಬಯಲಿನ ಒಂದು ಮನೆತನ, ಅಲ್ಲಿನ ಅಕ್ಕ ತಮ್ಮ ಇಬ್ಬರ ಕತೆ. ಟೈಪು ಮಾಡಿದ್ದು ದಿಲ್ಷಾದ್, ಹಾಗಾಗಿ ಮೊದಲ ಓದುಗನೂ ಅವನೇ. ಕಾದಂಬರಿಯಲ್ಲಿ ಯಾರೇ ಬಂದರೂ ತಂದೆಯ ಹೆಸರು, ವಯಸ್ಸು, ವಾಸದ ಊರಿನ ಸಮೇತ ಬರುತ್ತಿದ್ದರು. ಎರಡನೇ ಸಲ ಬಂದಾಗ ‘ಸದರಿ’ ಸೇರಿಕೊಳ್ಳುತ್ತಿತ್ತು. ಸದರಿ ಗೌರಮ್ಮನು ಅತ್ತಳು. ಸದರಿ ಎತ್ತು ಹಗ್ಗ ಕಿತ್ತುಕೊಂಡಿತು. ಗೌರಮ್ಮ ಅಳುವಾಗ ನೆರೆಮನೆಯ ಇಬ್ಬರು ಗಂಡಸರು ಜಗಲಿಯಲ್ಲಿ ನಿಂತಿದ್ದರು. ಕತೆಯಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ.

“ಅಣ್ಣಾ, ಅಳಕ್ಕೂ ಇಬ್ರು ಸಾಕ್ಷಿ ಬೇಕಾ ನಿಮ್ಗೆ?” ಎಂದ ದಿಲ್ಷಾದ್.

“ಬೇಕು ಕಣಯ್ಯ. ನಾಳೆ ಅತ್ತೇ ಇಲ್ಲ ಅಂದ್ಬುಟ್ರೆ?” ಎಂದರು ನಿಂಗರಾಜು. ಅವರು ನಗಲಿಲ್ಲ.

ಮೈಸೂರಿನ ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ತಮ್ಮ ಸಂಪಾದಕಿ ಪ್ರಮೀಳಾ ಅವರಿಗೆ ಕಳಿಸಿದರು. ಆಕೆ ಶ್ರೀರಂಗಪಟ್ಟಣದ ಗಂಜಾಂನಲ್ಲಿದ್ದುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಾರೆ. ಆಕೆ ಒಪ್ಪಿದರೆ ಪುಸ್ತಕ, ಒಪ್ಪದಿದ್ದರೆ ಇಲ್ಲ. ಮೊದಲ ಭೇಟಿಗೆ ನಿಂಗರಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಹೋಗಿ, ರಸ್ತೆ ತುದಿಯ ಮರದ ಕೆಳಗೆ ನಿಂತಿದ್ದರು.

ಪ್ರಮೀಳಾ ಪೆನ್ಸಿಲಿನಲ್ಲಿ ಗುರುತು ಮಾಡುತ್ತಾರೆ. ಮೊದಲ ಅಧ್ಯಾಯದಲ್ಲಿ ನಾಯಕನ ಮನೆಯ ಪೂರ್ವಕ್ಕೆ ಬೋರೇಗೌಡರ ಹಿತ್ತಲು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಬಾವಿ, ದಕ್ಷಿಣಕ್ಕೆ ತಿಪ್ಪೆ ಎಂದು ನಿಂಗರಾಜು ಬರೆದಿದ್ದರು. ಪಕ್ಕದಲ್ಲಿ ಆಕೆಯ ಟಿಪ್ಪಣಿ: ‘ಚೆಕ್ಕುಬಂದಿ ತಿಳಿಯಿತು. ಮನೆಯ ಒಳಗೆ ಏನಿದೆ?’ ನಿಂಗರಾಜು ಅದನ್ನು ಬಸ್ಸಿನಲ್ಲಿ ಓದಿಕೊಂಡರು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಓದಿಕೊಂಡರು. ಬೆಳಗ್ಗೆ ಎದ್ದು, ಮನೆಯೊಳಗೆ ಒಂದು ಒನಕೆ, ಒಂದು ಮುರಿದ ರೇಡಿಯೋ, ಬಾಗಿಲ ಹಿಂದೆ ನಿಂತ ಹೆಂಗಸನ್ನು ಇಟ್ಟರು. ತಿದ್ದುವುದು ಅವರಿಗೆ ಅವಮಾನವಾಗಿರಲಿಲ್ಲ. ಪತ್ರ ಬರೆಸುವವರು ಹೇಳಿದಂತೆ ಮೂರು ಸಲ, ನಾಲ್ಕು ಸಲ ಬದಲಾಯಿಸಿಯೇ ಕೈ ಪಳಗಿತ್ತು. ನಾಲ್ಕು ಭೇಟಿಗಳಲ್ಲಿ ‘ಸದರಿ’ಗಳೆಲ್ಲ ಹೋದವು. ಸಾಕ್ಷಿಗಳಿಬ್ಬರೂ ಜಗಲಿಯಿಂದ ಇಳಿದು ಹೋದರು.

ಏಳನೇ ಅಧ್ಯಾಯದಲ್ಲಿ ಕೆಲಸ ನಿಂತಿತು.

ಆ ಅಧ್ಯಾಯದಲ್ಲಿ ಅಕ್ಕ ತವರಿನ ಗದ್ದೆಯ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುತ್ತಾಳೆ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ತಮ್ಮ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಸೀರೆ ಕೊಡುತ್ತಾನೆ, ಹೋಟೆಲಿನಲ್ಲಿ ಊಟ ಹಾಕಿಸಿ ಬಸ್ಸು ಹತ್ತಿಸುತ್ತಾನೆ. ಈ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಸಹಿಯಾದ ದಿನ ನಡೆಯುವುದು ಹೀಗೆಯೇ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಅವಳು ಹೆಬ್ಬೆಟ್ಟು ಒತ್ತಿದಳು’ ಎಂದು ಬರೆದಿದ್ದರು. ಪ್ರಮೀಳಾ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

“ಇದು ಯಾರ ಮಾತು, ನಿಂಗರಾಜು ಅವರೇ? ಸೀರೆಯ ಅಂಚು ಎಷ್ಟು ಬೆರಳಿನದು ಅಂತ ಬರೆದಿದ್ದೀರಿ. ಈಕೆಗೆ ಏನನ್ನಿಸಿತು ಅಂತ ಒಂದು ಸಾಲಿಲ್ಲ.”

ಅದು ಪತ್ರದಲ್ಲಿ ಬರೆಯುವ ಮಾಮೂಲಿ ಮಾತು ಎಂದರು ಅವರು. ಕಾದಂಬರಿಯಲ್ಲಿ ಆ ಮಾಮೂಲಿ ನಡೆಯುವುದಿಲ್ಲ ಎಂದರು ಆಕೆ. ಇಡೀ ಪುಸ್ತಕ ಈ ಅಧ್ಯಾಯದ ಮೇಲೆ ನಿಂತಿದೆ, ಯುಗಾದಿಯೊಳಗೆ ಇದು ಸರಿಯಾಗದಿದ್ದರೆ ಪ್ರಕಾಶಕರಿಗೆ ಬೇಡವೆಂದೇ ಬರೆಯಬೇಕಾಗುತ್ತದೆ ಎಂದೂ ಹೇಳಿದರು.

ಪ್ರಮೀಳಾ ಅವರಿಗೆ ಗೊತ್ತಿಲ್ಲದಿದ್ದುದು ಒಂದಿತ್ತು. ನಿಂಗರಾಜುಗೆ ಒಬ್ಬಳೇ ಅಕ್ಕ, ಪುಟ್ಟಲಕ್ಷ್ಮಮ್ಮ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಕೊಟ್ಟಿದೆ. ಹದಿನಾಲ್ಕು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಆಕೆಯ ಬಿಡುಗಡೆ ಪತ್ರವನ್ನು ತಮ್ಮನೇ ಬರೆದು, ತಮ್ಮ ಹೆಸರಿಗೇ ಮಾಡಿಸಿಕೊಂಡಿದ್ದರು.

ಮುಂದಿನ ಮೂರು ವಾರ ಅವರು ಒಂದು ಪುಟವನ್ನೂ ಬರೆಯಲಿಲ್ಲ. ಬರೆಯಲು ಕೂತರೆ ಸೀರೆಯೇ ಬರುತ್ತಿತ್ತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವರು ಎದುರಿಗೆ ಬಂದ ನಾಗಮಂಗಲದ ಬಸ್ಸು ಹತ್ತಿದರು. ಅಲ್ಲಿ ಇಳಿದು ಟೀ ಕುಡಿದು, ಅದೇ ಬಸ್ಸಿನಲ್ಲಿ ಹಿಂದಿರುಗಿದರು. ಹೋದದ್ದೇಕೆಂದು ಕಂಡಕ್ಟರ್ ಕೇಳಿದ್ದಕ್ಕೆ ಕೆಲಸವಿತ್ತು ಎಂದರಂತೆ. ಮಾಯಮ್ಮ ಅಷ್ಟು ಹೊತ್ತಿಗೆ ರೋಸಿದ್ದರು. ಬರೆಯುವುದಿದ್ದರೆ ಬರೆಯಿರಿ, ಕೇಳುವುದಿದ್ದರೆ ಹೋಗಿ ನಿಮ್ಮಕ್ಕನನ್ನೇ ಕೇಳಿ, ಹೀಗೆ ಮನೆಯ ನೆಲ ಸವೆಸಬೇಡಿ ಎಂದರು.

ಅವರೆಕಾಯಿ ಕಾಲ. ಮಾಕವಳ್ಳಿ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಹಿಂದೆ ನಿಂಗರಾಜು ಹತ್ತಿದ ಕೆ.ಆರ್. ಪೇಟೆ ಬಸ್ಸು ತೆವಳಿತು. ಪುಟ್ಟಲಕ್ಷ್ಮಮ್ಮ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಕಾಯಿ ಬಿಡಿಸುತ್ತಿದ್ದರು. ಎಪ್ಪತ್ತೊಂದು ವಯಸ್ಸು, ಓದು ಬಾರದು, ಎರಡು ಹಸುವಿನ ಹಾಲು ದಿನವೂ ಡೇರಿಗೆ ತಾವೇ ಹಾಕುತ್ತಾರೆ. ತಮ್ಮನು ಕತೆ ಬರೆದದ್ದು, ಅದರಲ್ಲಿ ತಾನೂ ಇರುವುದು ಆಕೆಗೆ ತಿಳಿದದ್ದು ಅವತ್ತೇ ಮೊದಲು.

“ನಾನೇನ್ಲಾ ಮಾಡ್ತೀನಿ ಅದ್ರಲ್ಲಿ?”

“ಹೆಬ್ಬೆಟ್ಟು ಒತ್ತೀಯೆ.”

“ಅಷ್ಟೇಯಾ?” ಎಂದು ಆಕೆ ನಕ್ಕರು.

ಅವತ್ತು ನಿನಗೆ ಏನನ್ನಿಸಿತು ಎಂದು ನಿಂಗರಾಜು ಕೇಳಿದರು. ಆಕೆ ಕಾಯಿ ಬಿಡಿಸುತ್ತಲೇ ಹೇಳಿದರು. ಅವತ್ತು ಮೊದಲ ಬಸ್ಸಿಗೇ ಬಂದು ತಮ್ಮನ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಯಾವುದೋ ಊರಿನ ಮುದುಕಿ, ಮೊಮ್ಮಗನಿಗೆ ಹೊಲ ಬರೆದುಕೊಡಲು ಬಂದವಳು. ನಿಂಗರಾಜು ಆ ಮುದುಕಿಗೆ ಇಡೀ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದರು. ನಡುನಡುವೆ ನಿಲ್ಲಿಸಿ ತಿಳಿಯಿತೇ ತಾಯಿ ಎಂದು ಕೇಳಿದರು. ಆಕೆ ತಲೆ ಆಡಿಸದಿದ್ದಾಗ ಇನ್ನೊಮ್ಮೆ ಓದಿದರು. ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸುವ ಮುನ್ನ ಓದಿ ಹೇಳುವುದು ಅವರು ಎಂದೂ ತಪ್ಪಿಸದ ಪದ್ಧತಿ. ಆಮೇಲೆ ಅಕ್ಕನ ಸರದಿ ಬಂತು. ಶಾಯಿಯ ಡಬ್ಬಿ ತೆರೆದು, ಆಕೆಯ ಬೆರಳು ಹಿಡಿದು ಒತ್ತಿಸಿದರು.

“ಅವ್ಳ್ಯಾರ್ಗೋ ಎರಡ್ಸಲ ಓದ್ದೆ. ನಂಗೆ ಒಂದ್ಸಲಾನೂ ಓದ್ಲಿಲ್ಲ ಕಣ್ಲಾ ನಿಂಗ. ನಾನು ಕೊಡಬೇಕು ಅಂತ್ಲೇ ಬಂದಿದ್ದೆ. ಕೊಡೋಳ್ಗೆ ಏನ್ ಕೊಡ್ತಾವ್ಳೆ ಅಂತ ಕೇಳಿಸ್ಬಾರ್ದಿತ್ತಾ?”

ಆ ಪತ್ರದ ಕೊನೆಯಲ್ಲಿ ‘ಓದಿಸಿ ಕೇಳಿರುತ್ತೇನೆ, ಸರಿ ಇರುತ್ತದೆ’ ಎಂದು ಬರೆದದ್ದು ನಿಂಗರಾಜು ಅವರದೇ ಕೈ. ಮನೆಯವಳಲ್ಲವೇ ಎಂದು ಬಿಟ್ಟಿದ್ದರು. ಬಿಟ್ಟದ್ದು ನೆನಪೂ ಇರಲಿಲ್ಲ.

ಐದು ದಿನದಲ್ಲಿ ಏಳನೇ ಅಧ್ಯಾಯ ಹೊಸದಾಗಿ ಆಯಿತು. ಬೆಂಚು, ಮುದುಕಿ, ಓದು, ಎಲ್ಲ ಬಂದವು. ಕೊನೆಯಲ್ಲಿ ಅಕ್ಕ ಬಸ್ಸಿನ ಕಿಟಕಿಯಿಂದ ‘ಹೋಗ್ಲಿ ಬುಡು, ತಮ್ಮ ತಾನೇ’ ಅನ್ನುತ್ತಾಳೆ. ದಿಲ್ಷಾದ್ ಟೈಪು ಮಾಡಿ ಮುಗಿಸಿ, ಈ ಸಲ ತಮಾಷೆ ಮಾಡಲಿಲ್ಲ. ಪ್ರತಿ ಗಂಜಾಂಗೆ ಹೋಗಬೇಕಿತ್ತು. ನಿಂಗರಾಜು ಅದನ್ನು ಚೀಲಕ್ಕೆ ಹಾಕಿಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದರು.

ಜಗಲಿಯ ಕಂಬಕ್ಕೆ ಒರಗಿ ಕೂತ ಅಕ್ಕನಿಗೆ ಹದಿನೆಂಟು ಪುಟ ಗಟ್ಟಿಯಾಗಿ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು, ಯಾಕೆಂದರೆ ಆಕೆ ನಿಲ್ಲಿಸುತ್ತಿದ್ದರು. ಹೊರಗೆ ಮಳೆ ಹನಿಯುತ್ತಿತ್ತು ಎಂದಿದ್ದಲ್ಲಿ, ಮಳೆ ಎಲ್ಲಿಂದ ಬಂತು, ಬಿಸಿಲು ಚುರುಗುಡುತ್ತಿತ್ತು ಎಂದರು. ನಿಂಗರಾಜು ಮಳೆ ಹೊಡೆದು ಹಾಕಿದರು. ಬಸ್ಸಿನಲ್ಲಿ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು ಎಂದಿತ್ತು. ನಾನು ಅಳಲಿಲ್ಲ, ಹೋಟೆಲ್ ಊಟ ಜಾಸ್ತಿಯಾಗಿ ಚಿನಕುರಳಿವರೆಗೂ ನಿದ್ದೆ ಹೊಡೆದೆ ಎಂದರು. ಅದನ್ನೂ ಹೊಡೆದು ಹಾಕಿ, ಮೇಲೆ ನಿದ್ದೆ ಎಂದು ಬರೆದುಕೊಂಡರು. ಪ್ರಮೀಳಾ ಕೂಡ ಇಷ್ಟು ಬಿಗಿಯಾಗಿ ತಿದ್ದಿರಲಿಲ್ಲ. ಕಿಟಕಿಯ ಮಾತು ಬಂತು.

“ಇದ ನಾನು ಯಾವಾಗ ಅಂದೆ?”

ಕತೆಗೆ ಒಂದು ಕೊನೆ ಬೇಕಲ್ಲ ಅಕ್ಕ ಎಂದರು ನಿಂಗರಾಜು.

“ನಿಂಗೆ ಬೇಕು ಅಂತ ನನ್ ಬಾಯಲ್ಲಿ ಅನ್ನಿಸ್ಬುಟ್ಯಾ? ತೆಗಿ ಅದ. ನಾನು ಅಂದಾಗ ಬರ್ಕೊಳೀವಂತೆ.” ಉಳಿದದ್ದು ಸರಿಯಾಗಿದೆ, ಅಚ್ಚು ಹಾಕಿಸು ಎಂದು ಹೇಳಿ ಆಕೆ ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೋದರು.

ಯುಗಾದಿಗೆ ಹನ್ನೆರಡು ದಿನ ಮೊದಲು ಪ್ರಮೀಳಾ ಅಧ್ಯಾಯ ಓದಿದರು. ಓದಿ ಮುಗಿಸಿ ಹಿಂದಿನ ಹಾಳೆ ತಿರುವಿ ನೋಡಿ, ಒಂದು ಪುಟ ಮನೆಯಲ್ಲೇ ಉಳಿಯಿತೇ ಎಂದು ಕೇಳಿದರು. ಇಲ್ಲ, ಇಷ್ಟೇ ಎಂದರು ನಿಂಗರಾಜು. ತಮ್ಮನಿಗೆ ಅಕ್ಕನಿಂದ ಸಮಾಧಾನದ ಒಂದು ಮಾತೂ ಸಿಗುವುದಿಲ್ಲವೇ ಎಂದರು ಆಕೆ. ಸಿಕ್ಕಿಲ್ಲ ಮೇಡಂ ಎಂದರು. ಪ್ರಮೀಳಾ ಪೆನ್ಸಿಲ್ ಕೆಳಗಿಟ್ಟು, ಪ್ರಕಾಶಕರಿಗೆ ಇವತ್ತೇ ಬರೆಯುತ್ತೇನೆ ಎಂದರು.

ಕರಡು ಪ್ರತಿ ಬಂದದ್ದು ಜೂನ್ ಮೊದಲ ವಾರ. ತಿದ್ದುಪಡಿ ಇದ್ದರೆ ಹದಿನೈದರೊಳಗೆ ತಿಳಿಸಬೇಕು, ಆಮೇಲೆ ಅಚ್ಚು. ಏಳನೇ ಅಧ್ಯಾಯದ ಕೊನೆಯ ಪುಟದಲ್ಲಿ ಮುಕ್ಕಾಲು ಭಾಗ ಖಾಲಿ ಇತ್ತು. ನಿಂಗರಾಜು ಎಂಟರಂದು ಹೊಸಹೊಳಲಿಗೆ ಹೋದರು, ಹನ್ನೊಂದರಂದು ಹೋದರು, ಹದಿನಾಲ್ಕರಂದೂ ಹೋದರು. ಅಕ್ಕ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಹಸುವಿನ ಕೆಚ್ಚಲು ಬಾವಿನ ಮಾತಾಡಿದರು, ಮೊಮ್ಮಗಳು ದಿವ್ಯಳ ನರ್ಸಿಂಗ್ ಸೀಟಿನ ಮಾತಾಡಿದರು. ಪುಸ್ತಕ ಎಲ್ಲಿಗೆ ಬಂತು ಎಂದೂ ಕೇಳಿದರು. ಆ ಕಿಟಕಿಯ ಮಾತನ್ನು ಮಾತ್ರ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಹದಿನೈದರ ಬೆಳಗ್ಗೆ ಪ್ರಮೀಳಾಗೆ ಫೋನು ಮಾಡಿ, ತಿದ್ದುಪಡಿ ಏನೂ ಇಲ್ಲ, ಇದ್ದ ಹಾಗೇ ಹೋಗಲಿ ಎಂದರು. ಫೋನಿಟ್ಟು ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದರು. ಆಮೇಲೆ ಚಪ್ಪಲಿ ಮೆಟ್ಟಿ, ಮಾಯಮ್ಮನಿಗೆ ಹೇಳಿ, ಒಂಬತ್ತೂವರೆಯ ಕೆ.ಆರ್. ಪೇಟೆ ಬಸ್ಸಿಗೆ ಹೊರಟರು.