ಎಡಗಣ್ಣಿನ ಪಕ್ಕದ ಗೆರೆ

ನಿಮ್ಮ ಮುಖವನ್ನು ನೀವು ಎಂದಾದರೂ ಮೊರದಗಲ ನೋಡಿದ್ದೀರಾ? ನಾನು ಮೊನ್ನೆ ನೋಡಿದೆ. ಲೈಸೆನ್ಸ್ ನವೀಕರಣಕ್ಕೆ ಫೋಟೋ ಬೇಕಾಗಿ ಕುಂದಾಪುರದ ಒಂದು ಸ್ಟುಡಿಯೋಕ್ಕೆ ಹೋಗಿದ್ದೆ. ಸ್ಟುಡಿಯೋದವರು ಹೆಚ್ಚುಕಮ್ಮಿ ನನ್ನದೇ ಪ್ರಾಯದ ಮನುಷ್ಯ. ಕಂಪ್ಯೂಟರಿನಲ್ಲಿ ನನ್ನನ್ನು ಹಿಗ್ಗಿಸಿ, ಎಡಗಣ್ಣಿನ ತುದಿಯಲ್ಲಿ ಬಾಣದ ಗುರುತು ನಿಲ್ಲಿಸಿದರು.

"ಅಕ್ಕ, ಇಲ್ಲೊಂದ್ ಗೆರೆ ಕಾಂತ್. ತೆಗೂಕಾ?"

"ಎಂತ ಗೆರೆ?"

"ಪ್ರಾಯದ್ದ್. ಎಲ್ಲರೂ ತೆಗೂಕ್ ಹೇಳ್ತ್ರ್. ಒಂದ್ ನಿಮಿಷದ ಕೆಲ್ಸ."

ಆ ಗೆರೆ ನನಗೆ ಹೊಸದಲ್ಲ ಎಂದು ನಿಮ್ಮ ಹತ್ತಿರ ಹೇಳಬಹುದು. ವರ್ಷದಿಂದ ಅದರ ಜೊತೆ ಕಣ್ಣುಮುಚ್ಚಾಲೆ ಆಡುತ್ತಿದ್ದೆ. ಮೊದಲು ಬಚ್ಚಲುಮನೆಯ ಬಲ್ಬಿನ ತಪ್ಪೆಂದು ಬಲ್ಬನ್ನೇ ಬದಲಾಯಿಸಿದೆ. ಆಮೇಲೆ ನಿದ್ದೆಗೆಟ್ಟದ್ದರ ಮೇಲೆ ಹೊರಿಸಿದೆ. ದಿಂಬಿನ ಮಡಿಕೆ ಕೆನ್ನೆಯ ಮೇಲೆ ಮೂಡಿದರೆ ಹಿಂದೆಲ್ಲ ಕಾಫಿ ಮುಗಿಯುವಷ್ಟರಲ್ಲಿ ಮಾಯವಾಗುತ್ತಿತ್ತು. ಈಗ ಬ್ರಹ್ಮಾವರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗಲೂ ಇರುತ್ತದೆ. ಮದುವೆಮನೆಗೆಂದು ಹಚ್ಚಿಕೊಂಡ ಪೌಡರು ಮಧ್ಯಾಹ್ನದ ಹೊತ್ತಿಗೆ ತುಟಿಯ ಪಕ್ಕ ಸಣ್ಣ ಕಾಲುದಾರಿಯ ಹಾಗೆ ಸಾಲುಗಟ್ಟಿರುತ್ತದೆ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಗಮನಿಸದಿದ್ದುದಕ್ಕೆ ನನಗೆ ಸಮಾಧಾನವೂ ಇತ್ತು, ಸಣ್ಣ ಸಿಟ್ಟೂ ಇತ್ತು.

"ತೆಗೀರಿ," ಎಂದೆ.

ಅವರ ಬೆರಳು ಎರಡು ಸಲ ಆಡಿತು. ಗೆರೆ ಹೋಯಿತು, ಕಣ್ಣಿನ ಕೆಳಗಿನ ನೆರಳು ಹೋಯಿತು. ಪರದೆಯ ಮೇಲೆ ಉಳಿದವಳನ್ನು ನೋಡಲು ಮುಂದಕ್ಕೆ ಬಾಗಿದೆ. ಅದು ನನ್ನ ಅಮ್ಮ.

ಅಮ್ಮ ಹೋದಾಗ ನಾನು ನಾಲ್ಕನೆಯ ಕ್ಲಾಸು. ಅವಳಿಗೆ ನಲವತ್ತು ದಾಟಿರಲಿಲ್ಲ. ನಮ್ಮಲ್ಲಿರುವುದು ಅವಳ ಒಂದೇ ಫೋಟೋ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು, ನುಣುಪಾದ ಮುಖ. ಅದನ್ನು ನೋಡುತ್ತಲೇ ನಾನು ಅವಳಿಗಿಂತ ದೊಡ್ಡವಳಾಗಿಬಿಟ್ಟಿದ್ದೆ. ಈಗ ಯಾರೋ ಒಬ್ಬರು ನನ್ನ ಪ್ರಾಯವನ್ನು ಒರೆಸಿದ ಕೂಡಲೇ ಅವಳು ಎದುರಿಗೆ ಬಂದು ಕೂತಿದ್ದಳು.

"ಬ್ಯಾಡ. ಇದ್ದಾಂಗೇ ಇರ್ಲಿ," ಎಂದೆ. ಅವರು ನನ್ನನ್ನೊಮ್ಮೆ ನೋಡಿ ಗೆರೆಯನ್ನು ವಾಪಸು ಕೊಟ್ಟರು.

ಮನೆಗೆ ಹೋಗಲು ದಕ್ಷಿಣದ ಬಸ್ಸು ಹಿಡಿಯಬೇಕಿತ್ತು. ಹಿಡಿದದ್ದು ಬೈಂದೂರಿನ ಬಸ್ಸು. ಅಮ್ಮನ ಅಕ್ಕ, ನನ್ನನ್ನು ಸಾಕಿದ ದೊಡ್ಡಮ್ಮ, ಬಿಜೂರಿನಲ್ಲಿದ್ದಾಳೆ. ನಾನು ಹೋದಾಗ ಜಗಲಿಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಸ್ಟುಡಿಯೋದ ಕತೆ ಹೇಳಿ ಮುಖವನ್ನು ಬೆಳಕಿಗೆ ಒಡ್ಡಿದೆ. ನಗುತ್ತಾಳೆ ಎಂದುಕೊಂಡಿದ್ದೆ. ದೊಡ್ಡಮ್ಮ ಕತ್ತಿಯನ್ನು ಮಗುಚಿಟ್ಟಳು.

"ನಿನ್ನಬ್ಬಿಗೂ ಅಲ್ಲೇ ಬಂದಿದ್ದಿತ್ ಹೆಣೆ. ಎಡಬದಿಗೆ."

"ಅಮ್ಮಂಗಾ? ಫೋಟೋದಲ್ಲಿ ಇಲ್ಲ ಅಲ್ದಾ?"

"ಫೋಟೋ ತೆಗ್ದ ಮೇಲೆ ಬಂದದ್ದ್. ಅವ್ಳ್ ಇಲ್ಲಿ ಮಲ್ಕಂಡಿದ್ದಳಲ್ಲ, ಆಗ."

ಅಮ್ಮ ಕಾಯಿಲೆ ಬಿದ್ದ ಆ ದಿನಗಳಲ್ಲಿ ನನ್ನನ್ನು ಅಜ್ಜಿಮನೆಗೆ ಕಳಿಸಿದ್ದರು. ಹಾಗಾಗಿ ಇದೆಲ್ಲ ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಕನ್ನಡಿ ಕೇಳಿದಳಂತೆ. ಅವಳು ಸೊರಗಿದ್ದು ನೋಡಿ ಕೊಡಲು ದೊಡ್ಡಮ್ಮನಿಗೆ ಮನಸ್ಸಿರಲಿಲ್ಲ. ಹಟ ಹಿಡಿದಳೆಂದು ಕೊಟ್ಟಳು. ಅಮ್ಮ ಎಷ್ಟೋ ಹೊತ್ತು ನೋಡಿಕೊಂಡಳು. ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು ದೊಡ್ಡಮ್ಮ ಹೆದರಿ ನಿಂತಿದ್ದರೆ ಅವಳು ನಕ್ಕಳು.

"'ಅಕ್ಕ, ಇಲ್ಲ್ ಕಾಣ್ ಮಾರಾಯ್ತಿ, ನಂಗೂ ಒಂದ್ ಗೆರೆ ಬಂದಿತ್,' ಅಂದ್ಲ್. 'ಮುದ್ಕಿ ಆಪುದಂದ್ರೆ ಹ್ಯಾಂಗ್ ಅಂದೇಳಿ ಚೂರಾರೂ ಗೊತ್ತಾಯ್ತ್' ಅಂದ್ಲ್."

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಬಲ್ಬು ಬದಲಾಯಿಸಿ ಓಡಿಸಲು ನೋಡಿದ್ದನ್ನು ಅವಳು, ಸಾವು ಹೊಸ್ತಿಲಲ್ಲಿ ನಿಂತಿರುವಾಗ, ಬಂದ ನೆಂಟರನ್ನು ಕರೆಯುವ ಹಾಗೆ ಒಳಗೆ ಕರೆದಿದ್ದಳು. ಎಷ್ಟೋ ವರ್ಷಗಳ ಮೇಲೆ ಅದೇ ಗೆರೆ, ಅದೇ ಕಣ್ಣಿನ ಅದೇ ತುದಿಗೆ, ದಾರಿ ತಪ್ಪದೆ ಬಂದಿತ್ತು. ಇಷ್ಟು ಕಾಲ ಅದು ನನ್ನೊಳಗೆ ಎಲ್ಲಿ ಕಾದು ಕೂತಿತ್ತೋ!

"ಇಲ್ಲಿಂದ ಮುಂದೆ ಅಮ್ಮ ಇಲ್ಲ ಅಲ್ದಾ ದೊಡ್ಡಮ್ಮ?" ಎಂದೆ. ಕೇಳಿದ್ದು ಹೆದರಿಕೆಯಿಂದಲೇ.

"ಮುಂದಿನದ್ದ್ ಕಾಣ್ಕಾರೆ ನನ್ನ್ ಮುಖ ಕಾಣ್. ನಾವಿಬ್ರೂ ಒಂದೇ ಅಚ್ಚ್ ಅಂದೇಳಿ ಊರೇ ಹೇಳ್ತಿದ್ದಿತ್," ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿ ಕೂತಳು.

ಮೂವತ್ತು ವರ್ಷಕ್ಕೂ ಹೆಚ್ಚು ಅನ್ನ ಹಾಕಿದ ಮುಖವನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಕಣ್ಣಂಚಿನಿಂದ ಹೊರಟ ಗೆರೆಗಳು ಕೆನ್ನೆಯಲ್ಲಿ ಕವಲೊಡೆದು, ಬಾಯಿಯ ಹತ್ತಿರ ಮತ್ತೆ ಕೂಡಿ, ಗಲ್ಲದ ಕೆಳಗೆ ಸಡಿಲವಾಗಿ ಇಳಿದಿದ್ದವು. ಒಂದೂ ಸುಮ್ಮನೆ ಬಂದದ್ದಲ್ಲ. ಅಮ್ಮ ಬದುಕಿದ್ದರೆ ಹೀಗಿರುತ್ತಿದ್ದಳು. ನಾನು ಬದುಕಿದರೆ ಹೀಗಾಗುತ್ತೇನೆ. ದೇವರ ಮುಂದೆ ಕೂತ ಹಾಗೆ ಕೂತಿದ್ದೆ.

ಇವತ್ತು ಬೆಳಿಗ್ಗೆ ತಲೆ ಬಾಚುವಾಗ ಬಲಗಣ್ಣಿನ ಪಕ್ಕದಲ್ಲೂ ಒಂದು ಕಂಡಿತು. ತುಂಬ ಸಣ್ಣದು, ನಕ್ಕರೆ ಮಾತ್ರ ಕಾಣುವಂಥದ್ದು. ಖಾತ್ರಿ ಮಾಡಿಕೊಳ್ಳಲು ಎರಡು ಸಲ ನಕ್ಕು, ಬಿಜೂರಿಗೆ ಫೋನು ಮಾಡಿದೆ.

"ದೊಡ್ಡಮ್ಮ, ಬಲಬದಿಗೂ ಬಂತ್."

"ಅದ್ ಬಪ್ಪುಕೆ ನಿನ್ನಬ್ಬಿಗ್ ಪುರ್ಸೊತ್ತ್ ಆಯ್ಲಿಲ್ಲ," ಎಂದಳು ದೊಡ್ಡಮ್ಮ. "ಭಾನುವಾರ ಬಾ. ಅದನ್ನ್ ನಾನ್ ಕಾಣ್ಕ್."