ಬಷೀರ್ ಮಾಮ ಕೊಡದೆ ಇಟ್ಟುಕೊಂಡ ಕ್ಯಾಸೆಟ್ಟು

ನಮ್ಮ ಶೀಳನೆರೆಯಲ್ಲಿ ಟೇಪ್ ರೆಕಾರ್ಡರ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಬೇಸಿಗೆ ರಜೆ ಬಂತೆಂದರೆ ನಾವು ಹುಡುಗಿಯರು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು, ಜಗುಲಿಯ ಮೇಲೆ ಚೌಕಾಬಾರ ಆಡುತ್ತ ಮಧ್ಯಾಹ್ನ ಕಳೆಯುತ್ತಿದ್ದೆವು. ಅಪ್ಪ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ಅವನ ಅಂಗಿಯಲ್ಲಿ ಯಾವಾಗಲೂ ಹಸಿ ಹಾಲಿನ ವಾಸನೆ. ಇಂಥ ಅಪ್ಪ ಒಂದು ಕಾಲದಲ್ಲಿ ಮೈಸೂರಿನ ಹೋಟೆಲಿನಲ್ಲಿ ಗಿಟಾರ್ ನುಡಿಸುತ್ತಿದ್ದ, ಅದೂ ಸಿನಿಮಾ ಹಾಡಲ್ಲ, ಜಾಝ್ ಎಂದರೆ ನನ್ನ ಗೆಳತಿಯರು ನಗುತ್ತಿದ್ದರು. ಗಿಟಾರು ಅಟ್ಟದ ಮೇಲೆ ಗೋಣಿಚೀಲದೊಳಗಿತ್ತು. ಅದನ್ನು ಇಳಿಸಿದ್ದನ್ನು ನಾನು ಕಂಡಿರಲೇ ಇಲ್ಲ. ಆದರೆ ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಅಪ್ಪನ ಬೆರಳು ಸುಮ್ಮನಿರುತ್ತಿರಲಿಲ್ಲ. ಎಂಟೆಂಟಾಗಿ ಎಣಿಸಿ ಮತ್ತೆ ಒಂದಕ್ಕೆ ಬರುವುದನ್ನು ನನಗೂ ಕಲಿಸಿದ್ದ.

ನಾನು ಐದನೇ ಕ್ಲಾಸು ಮುಗಿಸಿದ ವರ್ಷ. ಒಂದು ಬೆಳಿಗ್ಗೆ ಸಂತೆಬಾಚಹಳ್ಳಿಯಿಂದ ಪುಟ್ಟರಾಜಣ್ಣ ಬಂದ. ಹಿಂದೆ ಅಪ್ಪನ ಜೊತೆ ಡ್ರಮ್ ಬಾರಿಸುತ್ತಿದ್ದವನು. ಚಪ್ಪಲಿ ಬಿಡುವ ಮೊದಲೇ ಹೇಳಿದ:

"ನಂಜಣ್ಣ, ಬಷೀರ ಓಗ್ಬುಟ್ಟ ಕಣಣ್ಣ. ಆಗ್ಲೇ ತಿಂಗಳಾಯ್ತಂತೆ. ನಂಗೂ ನೆನ್ನೆ ಗೊತ್ತಾಗಿದ್ದು."

ಅಪ್ಪ ಅವನಿಗೆ ಕೂರಲು ಮಣೆ ಸರಿಸಿದ.

"ಅವತ್ತಿನ ಕ್ಯಾಸೆಟ್ಟು ಅವ್ನ ಟ್ರಂಕಲ್ಲಿ ಸಿಕ್ಕೈತಂತೆ. ನೀನು ಬಂದು ಒಂದ್ಸಲ ಕೇಳ್ಬೇಕು ಅಂತ ಅವ್ನ ಎಂಡ್ರು ಏಳ್ಕಳ್ಸವ್ರೆ."

ಬಷೀರ್ ಪಾಂಡವಪುರದವರು, ಕ್ಲಾರಿನೆಟ್ ಊದುತ್ತಿದ್ದರು. ನಾನು ಹುಟ್ಟುವ ಮುಂಚೆ ಮೈಸೂರಿನಲ್ಲಿ ಈ ಮೂವರೂ ಒಂದು ದಿನ ಕೂತು ಕ್ಯಾಸೆಟ್ಟಿಗೆ ನುಡಿಸಿದ್ದರಂತೆ. ನಡುವೆ ತಾಳ ತಪ್ಪಿ ಎಲ್ಲ ಕೆಟ್ಟಿತು. ಬಷೀರನೇ ಮುಂಚೆ ನುಗ್ಗಿ ಹಾಳು ಮಾಡಿದ ಎಂದು ಅಪ್ಪ ಕೂಗಾಡಿ, ಗಿಟಾರ್ ಎತ್ತಿಕೊಂಡು ಬಂದುಬಿಟ್ಟಿದ್ದ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮಾರನೆಯ ದಿನ ಅಪ್ಪ ನನ್ನನ್ನೂ ಕರೆದುಕೊಂಡು ಪುಟ್ಟರಾಜಣ್ಣನ ಜೊತೆ ಬಸ್ಸು ಹತ್ತಿದ. ಪಾಂಡವಪುರ ಹತ್ತಿರವಾದಂತೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಕಮಟು ವಾಸನೆ ಕಿಟಕಿಯಿಂದ ನುಗ್ಗಿತು. ಬಷೀರ್ ಮಾಮನ ಹೆಂಡತಿ ಜುಬೇದಮ್ಮ ನಮಗೆ ಚಾಪೆ ಹಾಸಿ ಟೀ ಕೊಟ್ಟರು. ಅವರ ಮಗಳು ಶಬಾನಾ ನನ್ನ ವಯಸ್ಸಿನವಳು. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದವಳು ಅವಳೇ.

ಮೊದಲು ಯಾರೋ ಕೆಮ್ಮಿದರು. ಆಮೇಲೆ ಗಿಟಾರ್ ಶುರುವಾಯಿತು. ಅಪ್ಪನ ಕೈಯಲ್ಲಿ ಅಷ್ಟೊಂದು ಚೇಷ್ಟೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಭ್ಯಾಸಬಲದಿಂದ ಬೆರಳು ಮಡಿಸಿ ಎಣಿಸುತ್ತಿದ್ದೆ. ಕ್ಲಾರಿನೆಟ್ಟು ಒಂದು ಉದ್ದನೆಯ ಸ್ವರ ಎಳೆಯುತ್ತಿತ್ತು. ಎಣಿಕೆ ಇನ್ನೂ ನಾಲ್ಕಕ್ಕೆ ಬಂದಿತ್ತಷ್ಟೆ, ಗಿಟಾರ್ ಎಂಟರವರೆಗೆ ಕಾಯದೆ ಮತ್ತೆ ಒಂದಕ್ಕೆ ಹಾರಿಬಿಟ್ಟಿತು. ತಕ್ಷಣ ಕ್ಲಾರಿನೆಟ್ಟು ತನ್ನ ಸ್ವರ ಕತ್ತರಿಸಿ ಅದರ ಹಿಂದೆಯೇ ಹಾರಿತು. ಡ್ರಮ್ಮು ಮುಗ್ಗರಿಸಿತು. ಎಲ್ಲ ನಿಂತಿತು. ಕ್ಯಾಸೆಟ್ಟಿನೊಳಗೆ ಒಬ್ಬ ಗಂಡಸು ನಗುತ್ತ, "ಆಗ್ಲಿ ಬುಡ್ಲಾ ನಂಜ, ಇನ್ನೊಂದ್ ಸಲ ನುಡಿಸಾನ," ಎಂದ. ನಾನು ಕೇಳಿದ ಬಷೀರ್ ಮಾಮನ ದನಿ ಅದೊಂದೇ.

"ಅಪ್ಪ, ನೀನೇ ಮೊದ್ಲು ಬಂದ್ಬುಟ್ಟೆ. ಇನ್ನೂ ನಾಕು ಬಾಕಿ ಇತ್ತು," ಎಂದೆ.

"ಸುಮ್ಕಿರು ಮಗ," ಎಂದ ಪುಟ್ಟರಾಜಣ್ಣ.

"ಇನ್ನೊಂದ್ಸಲ ಹಾಕವ್ವ," ಎಂದು ಅಪ್ಪ ಶಬಾನಾಗೆ ಹೇಳಿದ. ಮೂರು ಸಲ ಹಾಕಿಸಿ ಕೇಳಿದ. ಆಮೇಲೆ ತಲೆ ತಗ್ಗಿಸಿ, "ಮಗು ಏಳಿದ್ದೇ ದಿಟ. ಎಡವಿದ್ದು ನಾನು. ಅವ್ನು ನನ್ನ ಇಡ್ಕಳಕ್ಕೆ ಬಂದಿದ್ದ," ಎಂದ.

ಜುಬೇದಮ್ಮ ಸೆರಗು ಸರಿಮಾಡಿಕೊಂಡರು. "ಅವರಿಗೆ ಗೊತ್ತಿತ್ತು ಭಾಯ್. ಕ್ಯಾಸೆಟ್ಟು ಕಳ್ಸಿಕೊಡಿ ಅಂದ್ರೆ ಬೇಡ ಅನ್ನೋರು. ಕೇಳಿದ್ರೆ ನಂಜ ನಾಚ್ಕೆಗೆ ಗಿಟಾರ್ ಬಿಟ್ಬಿಡ್ತಾನೆ, ನನ್ಮೇಲೆ ಸಿಟ್ಟಿದ್ರೆ ಇರ್ಲಿ, ಅವ್ನು ನುಡಿಸ್ಕಂಡಿರ್ಲಿ ಅನ್ನೋರು." ಆಮೇಲೆ ಕೇಳಿದರು, "ನುಡಿಸ್ತಿದ್ದೀರಲ್ವಾ ಭಾಯ್?"

ಅಪ್ಪ ನನ್ನ ಕಡೆ ಒಮ್ಮೆ ನೋಡಿದ.

"ಊಂ ಕಣವ್ವ. ದಿನಾ ನುಡಿಸ್ತೀನಿ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಟೀ ಲೋಟದೊಳಗೆ ಮುಖ ಇಟ್ಟುಕೊಂಡು ಕೂತೆ.

ಗಂಡಸರಿಬ್ಬರೂ ಖಬರಸ್ತಾನಕ್ಕೆ ಹೋದರು. ಅಲ್ಲಿ ಅಪ್ಪ ಬಷೀರ್ ಮಾಮನ ಗೋರಿಯ ಇನ್ನೂ ಕೂರದ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು, "ತಪ್ಪಾಯ್ತು ಕಣ್ಲಾ," ಎಂದನಂತೆ. ಎಷ್ಟೋ ವರ್ಷಗಳ ಮೇಲೆ ಪುಟ್ಟರಾಜಣ್ಣ ನನಗೆ ಹೇಳಿದ್ದು ಇದು. ಆ ಹೊತ್ತಿನಲ್ಲಿ ಶಬಾನಾ ಅಂಗಳದಲ್ಲಿ ನನಗೆ ಹುರಿಗಡಲೆ ಕೊಟ್ಟು, "ನಮ್ಮ ಅಬ್ಬಾ ನಿಮ್ಮಪ್ಪನ ವಿಷ್ಯ ಯಾವಾಗ್ಲೂ ಹೇಳೋರು. ನಿಮ್ಮಪ್ಪ ಹೇಳ್ತಿದ್ರಾ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ನಾನೂ "ಊಂ" ಎಂದೆ.

ಅಲ್ಲಿಂದಾಚೆಗೆ ಪ್ರತಿ ರಂಜಾನಿಗೆ ಅಪ್ಪ ಒಂದು ಡಬ್ಬಿ ತುಪ್ಪ ಹಿಡಿದುಕೊಂಡು ಪಾಂಡವಪುರಕ್ಕೆ ಹೋಗಿಬರುತ್ತಿದ್ದ. ಈಗ ಅಪ್ಪನೂ ಇಲ್ಲ, ಜುಬೇದಮ್ಮನೂ ಇಲ್ಲ. ಶಬಾನಾ ಮೈಸೂರಿನಲ್ಲಿದ್ದಾಳೆ, ಹಬ್ಬ ಬಂದರೆ ಫೋನ್ ಮಾಡುತ್ತಾಳೆ. ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಮಾತಾಡುತ್ತೇವೆ. ನಮ್ಮೆರಡು ಮನೆಗಳ ನಡುವೆ ಆಗ ಇದ್ದದ್ದು ಒಂದು ಗಂಟೆಯ ಬಸ್ ದಾರಿ. ಆದರೂ ನಮ್ಮ ಅಪ್ಪಂದಿರು ಜೊತೆಯಲ್ಲಿ ಕೂತದ್ದನ್ನು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.